ಕುದುರೆ ತೊಟ್ಟಿಯವರೆಗೆ

ಡೋರ್ಕಸ್ ಗಾರ್ಬಟ್ ಅಂಚೆಗೆ ಹಾಕುತ್ತಿದ್ದ ಲಕೋಟೆಗಳಿಗೆ ಮೀನಿನ ಹೊಗೆಯ ವಾಸನೆ ಇರುತ್ತಿತ್ತು. ತಿಂಗಳಿಗೆ ಎರಡು ಲಕೋಟೆ, ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ವಿಳಾಸ ಮಾತ್ರ ಯಾವಾಗಲೂ ಒಂದೇ, ದಕ್ಷಿಣದ ದೊಡ್ಡ ಊರಿನ ನಿಘಂಟು ಕಚೇರಿ. ಸ್ಕಾರ್ವಿಕ್ಕಿನ ಅಂಚೆ ಕಿಟಕಿಯ ಹಿಂದೆ ನಾನು ಇಪ್ಪತ್ತೆಂಟು ವರ್ಷ ಕೂತವನು. ಯಾರು ಯಾರಿಗೆ ಏನು ಕಳಿಸುತ್ತಾರೆಂದು ಕೇಳಬಾರದು ಎನ್ನುವುದು ಸರಕಾರದ ನಿಯಮ. ಆದರೆ ನನಗೆ ಮೂಗು ಕೊಟ್ಟದ್ದು ಸರಕಾರವಲ್ಲ. ಆರು ತಿಂಗಳು ತಡೆದುಕೊಂಡೆ, ಏಳನೆಯ ತಿಂಗಳು ಕೇಳಿಯೇಬಿಟ್ಟೆ.

"ಏನೇ ಇದು ಡೋರ್ಕಸ್, ಒಳಗೆ ಮೀನು ತುಂಬಿದೀಯಾ?"

"ಮಾತು ತುಂಬಿದೀನಿ," ಅಂದಳು. "ಒಂದೇ ಮಾತು, ನಾನೂರು ಸಲ. ನೀನು ಮುದ್ರೆ ಒತ್ತು ಈನಾಕ್, ಹಿಂದೆ ಜನ ನಿಂತಿದಾರೆ."

ಹಿಂದೆ ನಿಂತಿದ್ದದ್ದು ಅವಳ ಗೆಳತಿ ಮರ್ಸಿ ಲೆಡ್ಲಿ ಒಬ್ಬಳೇ. ಗುಡ್ಡದ ಮೇಲ್ಗಡೆ ಉಣ್ಣೆ ನೂಲಿನ ಅಂಗಡಿ ಇಟ್ಟುಕೊಂಡಿದ್ದ ವಿಧವೆ. ಅವಳಿಗೆ ಏನೂ ಆತುರವಿರಲಿಲ್ಲ, ಗೋಡೆಗೆ ಒರಗಿ ನಗುತ್ತಿದ್ದಳು.

ಡೋರ್ಕಸ್ ಶಾಲೆಯಲ್ಲಿ ನನ್ನ ಪಕ್ಕದ ಬೆಂಚಿನವಳು. ಹದಿಮೂರು ತುಂಬುತ್ತಲೇ ಶಾಲೆ ಬಿಟ್ಟು ಬಂದರಿನಲ್ಲಿ ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ಸೇರಿದಳು, ಆಮೇಲೆ ಮೀನಿಗೆ ಹೊಗೆ ಕೊಡುವ ಮನೆಗೆ. ಓಕ್ ಮರದ ಹೊಟ್ಟು ಸುಡುವ ಆ ಕತ್ತಲೆ ಗೂಡಿನಲ್ಲಿ ತೂಗುಹಾಕಿದ ಮೀನಿನ ಯಾವ ಸಾಲು ಯಾವಾಗ ಇಳಿಸಬೇಕೆಂದು ಬರೀ ಮೂಗಿನಿಂದಲೇ ಹೇಳುತ್ತಿದ್ದಳು. ಮದುವೆಯಾಗಲಿಲ್ಲ. ಕೇಳಿದವರು ಇಬ್ಬರಿದ್ದರು. ಆ ಇಬ್ಬರಲ್ಲಿ ನಾನಿರಲಿಲ್ಲ, ಊರಿನವರು ಏನೇ ಹೇಳಿಕೊಳ್ಳಲಿ.

ಊರಿನ ವಾಚನಾಲಯದಲ್ಲಿದ್ದ ಪುಸ್ತಕಗಳನ್ನೆಲ್ಲ ಅವಳು ಒಂದು ಕಡೆಯಿಂದ ಓದಿ ಮುಗಿಸಿದ್ದಳು. ಎರಡನೆಯ ಸುತ್ತು ಶುರುಮಾಡಿದ್ದಾಗ ಅಲ್ಲಿನ ಗೋಡೆಗೆ ಒಂದು ಪ್ರಕಟಣೆ ಬಿತ್ತು. ದೊಡ್ಡ ನಿಘಂಟಿಗೆ ಓದುಗರು ಬೇಕಾಗಿದ್ದಾರೆ, ಸಂಬಳವಿಲ್ಲ, ಕೈಬರಹ ಸ್ಪಷ್ಟವಾಗಿದ್ದರೆ ಸಾಕು. ಕೆಲಸ ಇಷ್ಟೇ: ಓದುವಾಗ ತಮ್ಮ ಪಾಲಿಗೆ ಬಂದ ಪದ ಎಲ್ಲಿ ಸಿಕ್ಕಿತೋ ಆ ವಾಕ್ಯವನ್ನು ಅಂಗೈಯಗಲದ ಚೀಟಿಗೆ ಇಳಿಸಬೇಕು. ಮೇಲೆ ಪದ, ಕೆಳಗೆ ಪುಸ್ತಕದ ಹೆಸರು, ವರ್ಷ, ಪುಟ. ಒಂದು ಅಲ್ಪವಿರಾಮವನ್ನೂ ಆಚೀಚೆ ಮಾಡುವಂತಿಲ್ಲ. ಬಾಯಿಮಾತು ಲೆಕ್ಕಕ್ಕಿಲ್ಲ, ಅಚ್ಚಾಗಿರಬೇಕು.

ಅಪರೂಪದ ಪದಗಳನ್ನು ಹಿಡಿಯಲು ಪಾದ್ರಿಗಳೂ ನಿವೃತ್ತ ಮೇಷ್ಟರುಗಳೂ ಸಾಲುಗಟ್ಟಿ ನಿಂತಿದ್ದರಂತೆ. ದಿನ ಬೆಳಗಾದರೆ ಬಳಸುವ ಪುಟ್ಟ ಪದಗಳು ಯಾರಿಗೂ ಬೇಡವಾಗಿದ್ದವು. ಹಾಗಾಗಿ ಡೋರ್ಕಸ್ ಪಾಲಿಗೆ ಬಂದದ್ದು ‘ಸೆಟ್’. ಇಂಗ್ಲಿಷಿನ ಮೂರೇ ಅಕ್ಷರದ ಕ್ರಿಯಾಪದ.

"ಅದರಲ್ಲೇನಿದೆಯೇ ಬರೆಯೋಕೆ?" ಎಂದು ನಾನು ಕೇಳಿದ್ದು ನಿಜ. ನನ್ನ ದಡ್ಡತನ.

ಸೂರ್ಯ ಮುಳುಗಿದರೂ ಸೆಟ್, ಜೆಲ್ಲಿ ಗಟ್ಟಿಯಾದರೂ ಸೆಟ್. ಮುರಿದ ಮೂಳೆ ಕೂಡಿಸುವುದು, ಮೇಜಿಗೆ ತಟ್ಟೆ ಜೋಡಿಸುವುದು, ಕೋಳಿಯನ್ನು ಕಾವಿಗೆ ಕೂರಿಸುವುದು, ಗಡಿಯಾರ ಸರಿಮಾಡುವುದು, ಆಲೂಗಡ್ಡೆ ನೆಡುವುದು, ಎಲ್ಲಕ್ಕೂ ಅದೇ. ಸುದ್ದಿ ಹಬ್ಬಿದ ಮೇಲೆ ಊರಿಗೆ ಊರೇ ಇದರ ಹಿಂದೆ ಬಿತ್ತು. ಬಲೆ ಬಿಡುವುದೇ ಆ ಪದದ ಮೂಲ ಅರ್ಥ, ಮಿಕ್ಕಿದ್ದೆಲ್ಲ ನೆಲದ ಮೇಲಿನವರು ಕದ್ದದ್ದು ಎಂದು ದೋಣಿಯವರು ವಾದಿಸಿದರು. ಬಡಗಿ ತನ್ನ ಗರಗಸವನ್ನೇ ಹೊತ್ತು ತಂದು, ಅದರ ಹಲ್ಲುಗಳನ್ನು ಒಂದು ಆ ಕಡೆ ಒಂದು ಈ ಕಡೆ ಬಗ್ಗಿಸುವುದನ್ನು ನನ್ನ ಕಿಟಕಿಯ ಕಟ್ಟೆಯ ಮೇಲೆ ತೋರಿಸಿದ. ಅಂಚೆಚೀಟಿ ಕೊಳ್ಳಲು ಬಂದವರು ಅರ್ಧಗಂಟೆ ನಿಂತು ನೋಡಿದರು.

ಒಂದು ದಿನ ನಾನು ಕೇಳಿದೆ, "ಇಷ್ಟೆಲ್ಲಾ ಅರ್ಥ ಒಂದೇ ಪದದೊಳಗೆ ಹೆಂಗೆ ಹಿಡೀತು ಮಾರಾಯ್ತಿ? ಎಲ್ಲದರ ತಳದಲ್ಲಿ ಏನೋ ಒಂದು ಇರಬೇಕಲ್ಲ?"

ಡೋರ್ಕಸ್ ಲಕೋಟೆಯ ಅಂಚು ನೆಕ್ಕಿ ಅಂಟಿಸಿದಳು. "ನಂಗೆ ಅನ್ನಿಸೋದು ಇಷ್ಟು. ಎಲ್ಲಿರಬೇಕೋ ಅಲ್ಲಿ ಇಟ್ಟು ಕೈ ತೆಗೀಬೇಕು. ಕೈ ತೆಗೆದ ಮೇಲೂ ಅದು ಹಂಗೇ ನಿಲ್ಲಬೇಕು. ಜೆಲ್ಲಿನೂ ಅಷ್ಟೇ, ಮೂಳೆನೂ ಅಷ್ಟೇ."

"ಸೂರ್ಯ?"

"ಸೂರ್ಯನ ಮೇಲೆ ಯಾರ ಕೈಯಿತ್ತು ಅಂತ ಭಾನುವಾರ ಚಾಪೆಲ್ಲಿನಲ್ಲಿ ಕೇಳು."

ಇನ್ನೊಂದು ಅರ್ಥವಿತ್ತು. ನಮ್ಮಲ್ಲಿ ಮನೆಗೆ ಬಂದವರನ್ನು ಹೊಸ್ತಿಲಲ್ಲೇ ಬೀಳ್ಕೊಟ್ಟರೆ ಒರಟರು ಅನ್ನಿಸಿಕೊಳ್ಳುತ್ತೇವೆ. ಶಾಲು ಹೊದ್ದು ಅರ್ಧ ದಾರಿ ಜೊತೆಗೆ ಹೋಗಬೇಕು, ಅಲ್ಲಿ ನಿಂತು ಅವರನ್ನು ಮುಂದಕ್ಕೆ ಬಿಡಬೇಕು. ಅದಕ್ಕೂ ಸೆಟ್ ಮಾಡುವುದು ಎಂದೇ ಹೆಸರು. ಡೋರ್ಕಸ್ ಮನೆ ಕೆಳಗೆ ಬಂದರಿನಲ್ಲಿ, ಮರ್ಸಿಯದು ಮೇಲೆ ಸ್ಮಶಾನದ ಬೇಲಿಯ ಹತ್ತಿರ, ನಡುವೆ ಏರುಬೀದಿ. ಸರಿಯಾಗಿ ಅರ್ಧಕ್ಕೆ, ನನ್ನ ಅಂಚೆ ಕಚೇರಿಯ ಎದುರಿಗೆ, ಹಿಂದೆ ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಹಳೆಯ ಕಲ್ಲಿನ ಕುದುರೆ ತೊಟ್ಟಿ. ಗುರುವಾರ ನಾಲ್ಕು ಗಂಟೆಗೆ ಮರ್ಸಿ ಶುಂಠಿ ಕೇಕು ಹಿಡಿದು ಕೆಳಗಿಳಿಯುವಳು. ಐದೂವರೆಗೆ ಡೋರ್ಕಸ್ ಅವಳನ್ನು ತೊಟ್ಟಿಯವರೆಗೆ ಸೆಟ್ ಮಾಡುವಳು. ಅಲ್ಲಿ ಮಾತು ಮುಗಿದಿರುತ್ತಿರಲಿಲ್ಲ. "ತಡಿ, ನಿನ್ನ ವಾಪಸ್ ಒಂಚೂರು ಸೆಟ್ ಮಾಡ್ತೀನಿ," ಎಂದು ಮರ್ಸಿ ಅವಳ ಜೊತೆ ಮತ್ತೆ ಕೆಳಗೆ ಹೊರಡುವಳು. ಒಂದು ಜೂನ್ ತಿಂಗಳ ಸಂಜೆ ಇಬ್ಬರೂ ಐದು ಸಲ ಏರಿ ಇಳಿದದ್ದನ್ನು ನಾನು ಕಿಟಕಿಯಿಂದ ಎಣಿಸಿದ್ದೇನೆ.

ಸಾವಿರದ ಒಂಬೈನೂರ ಐವತ್ತೆಂಟರ ಮಾರ್ಚಿನಲ್ಲಿ ಕಚೇರಿಯಿಂದ ಡೋರ್ಕಸ್ ಹೆಸರಿಗೆ ಒಂದು ಕಟ್ಟು ಬಂತು. ‘ಸೆಟ್’ ಪದದ ಕರಡು ಹಾಳೆಗಳು, ಅಚ್ಚಿಗೆ ಹೋಗುವ ಮುಂಚೆ ಹಳೆಯ ಓದುಗರು ಒಮ್ಮೆ ನೋಡಲಿ ಎಂದು. ಅವಳು ನನ್ನ ಕಟ್ಟೆಯ ಮೇಲೇ ಬಿಚ್ಚಿದಳು. ಮರ್ಸಿಯೂ ಇದ್ದಳು. ಡೋರ್ಕಸ್ ಬೆರಳಿಟ್ಟು ಓದುತ್ತಾ ಹೋದವಳು ಒಂದು ಕಡೆ ನಿಂತಳು, ಮುಖ ಕೆಂಪಾಯಿತು.

"ಏನಾಯ್ತೇ?" ಎಂದೆ.

"ಅರ್ಧ ದಾರಿ ಸೆಟ್ ಮಾಡೋದು ಅಂತೀವಲ್ಲ, ಅದರ ಮುಂದೆ ಕಠಾರಿ ಹಾಕಿದಾರೆ." ಸಣ್ಣ ಕಠಾರಿಯ ಆಕಾರದ ಗುರುತು. "ಇದು ಸತ್ತುಹೋಗಿರೋ ಅರ್ಥ, ಈಗ ಯಾರೂ ಬಳಸಲ್ಲ ಅಂತ. ಕೊನೇ ಸಾಕ್ಷಿ ಸಾವಿರದ ಏಳುನೂರ ತೊಂಬತ್ತೆರಡರದ್ದಂತೆ."

"ಸತ್ತಿದೆಯಾ?" ಎಂದಳು ಮರ್ಸಿ. "ಹಂಗಾದ್ರೆ ಗುರುವಾರ ಗುರುವಾರ ನನ್ನ ಮೊಣಕಾಲು ಯಾಕೆ ನೋಯತ್ತೆ ಅಂತ ಅವರನ್ನೇ ಕೇಳಿ ಬರಿ."

ಡೋರ್ಕಸ್ ಬರೆದಳು. ಹತ್ತು ದಿನಕ್ಕೆ ಉತ್ತರ ಬಂತು, ಪಿಮ್ ಎಂಬ ಸಂಪಾದಕರಿಂದ. "ನಿಮ್ಮ ಗೆಳತಿಯ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ನಿಘಂಟು ನಂಬಿಕೆಯ ಮೇಲೆ ನಡೆಯುವುದಿಲ್ಲ. ನಮ್ಮ ಕಾಲದ ಒಂದೇ ಒಂದು ಅಚ್ಚಿನ ಸಾಲು ಕಳಿಸಿ, ಕಠಾರಿ ತೆಗೆಯುತ್ತೇನೆ. ಸೆಪ್ಟೆಂಬರ್ ಕೊನೆಗೆ ಹಾಳೆಗಳು ಅಚ್ಚಿಗೆ ಹೋಗುತ್ತವೆ. ಇನ್ನೊಂದು ವಿನಂತಿ: ಚೀಟಿಗಳನ್ನು ಒಂದು ದಿನ ಗಾಳಿಗೆ ಹರಡಿ ಆಮೇಲೆ ಕಳಿಸಿ. ಕಚೇರಿಯ ಬೆಕ್ಕು ಅವುಗಳ ಮೇಲಿಂದ ಏಳುತ್ತಿಲ್ಲ."

"ಹೋಗಲಿ ಬಿಡೇ," ಎಂದೆ ನಾನು. "ಅವರು ಗುರುತು ಹಾಕಿದ್ರೆ ನಾವು ಮಾತಾಡೋದು ನಿಲ್ಲಿಸ್ತೀವಾ?"

ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. "ಮೂವತ್ತೊಂಬತ್ತು ವರ್ಷ ಮೀನಿನ ಕೆಲಸ ಮಾಡಿದೀನಿ ಈನಾಕ್. ಅಷ್ಟನ್ನೂ ಜನ ತಿಂದು ಮುಗಿಸಿದ್ರು. ಉಳಿಯೋದು ಅಂತ ನಾನು ಮಾಡಿರೋದು ಇದೊಂದೇ. ನಮ್ಮಮ್ಮನ ಬಾಯಲ್ಲಿದ್ದ ಮಾತು ಸತ್ತಿದೆ ಅಂತ ನನ್ನ ಕೈಯಿಂದ ಹೋದ ಚೀಟಿಗಳ ಪುಸ್ತಕದಲ್ಲೇ ಅಚ್ಚಾಗಬೇಕಾ?"



ಏಪ್ರಿಲಿನಿಂದ ಹುಡುಕಾಟ ಶುರುವಾಯಿತು. ಚರ್ಚಿನ ಮಾಸಪತ್ರಿಕೆ, ಜೀವರಕ್ಷಕ ದೋಣಿ ಸಂಘದ ವರದಿಗಳು, ಹೊಲಿಗೆ ಮಂಡಳಿಯವರು ಅಚ್ಚು ಹಾಕಿಸಿದ್ದ ಅಡುಗೆ ಪುಸ್ತಕ, ಹಡಗು ಒಡೆದಾಗಿನ ವಿಚಾರಣೆಗಳು. ಎಲ್ಲರ ಮನೆಯ ಅಟ್ಟಗಳೂ ಕೆಳಗಿಳಿದವು. ಜನ ಬೀದಿಯಲ್ಲಿ ಅವಳನ್ನು ನಿಲ್ಲಿಸಿ, "ಸಿಕ್ಕಿತಾ?" ಎಂದು ಕೇಳುತ್ತಿದ್ದರು. ದಿನಕ್ಕೆ ನೂರು ಬಾಯಲ್ಲಿ ಬರುವ ಮಾತು ಒಂದು ಕಾಗದದ ಮೇಲೂ ಸಿಗಲಿಲ್ಲ. ಇದೆಂಥ ವಿಚಿತ್ರ ಎಂದು ನನಗೆ ನಿದ್ದೆಯಲ್ಲೂ ಯೋಚನೆಯಾಗುತ್ತಿತ್ತು.

ಕೊನೆಗೆ ನಾನೊಂದು ಉಪಾಯ ಹೇಳಿದೆ. ಜಿಲ್ಲೆಯ ವಾರಪತ್ರಿಕೆಗೆ ಸ್ಕಾರ್ವಿಕ್ ಸುದ್ದಿ ಬರೆಯುತ್ತಿದ್ದವನು ನಾನೇ. ಯಾರ ಮದುವೆ, ಯಾರ ಹರಾಜು, ಯಾರ ಹೂಕೋಸಿಗೆ ಬಹುಮಾನ ಎಂದು ವಾರಕ್ಕೊಂದು ಅಂಕಣ, ಇಪ್ಪತ್ತನಾಲ್ಕು ವರ್ಷದಿಂದ. "ಎಲ್ಲಾದರೂ ಒಂದು ಕಡೆ ಆ ಪದ ತೂರಿಸಿಬಿಡ್ತೀನಿ. ಶನಿವಾರಕ್ಕೆ ಅಚ್ಚು. ಕತ್ತರಿಸಿ ಕಳಿಸು."

"ನಾನೇ ಗೂಡಿನಲ್ಲಿ ಮೊಟ್ಟೆ ಇಟ್ಟುಬಂದು, ಕೋಳಿ ಇಟ್ಟಿತು ಅಂತ ಹೇಳೋದಾ?" ಎಂದಳು ಡೋರ್ಕಸ್. "ಬೇಡ."

ಜುಲೈ ಪೂರ್ತಿ ಅವಳು ವಾಚನಾಲಯದಲ್ಲಿ ಆ ವಾರಪತ್ರಿಕೆಯ ಹಳೆಯ ಸಂಪುಟಗಳ ಮುಂದೆ ಕೂತಳು. ಆಗಸ್ಟಿನ ಒಂದು ಮಧ್ಯಾಹ್ನ ನನ್ನ ಕಿಟಕಿಗೆ ಬಂದು, ನಕಲು ಮಾಡಿದ ಒಂದು ಹಾಳೆಯನ್ನು ನನ್ನ ಮುಂದಿಟ್ಟಳು. ಮರ್ಸಿ ಮತ್ತು ಅವಳ ಗಂಡನ ಮದುವೆಗೆ ಇಪ್ಪತ್ತೈದು ತುಂಬಿದಾಗ ನಾನೇ ಬರೆದಿದ್ದ ಸುದ್ದಿ. "ವಿವಾಹಕ್ಕೆ ಮುನ್ನ ಶ್ರೀ ಲೆಡ್ಲಿಯವರು ನಾಲ್ಕು ವರ್ಷಗಳ ಕಾಲ ಪ್ರತಿ ಭಾನುವಾರ ಆರಾಧನೆಯ ನಂತರ ಶ್ರೀಮತಿಯವರೊಂದಿಗೆ ಅವರ ನಿವಾಸದತ್ತ ಜೊತೆಗೂಡಿ ತೆರಳುತ್ತಿದ್ದರು."

"ಇದು ಮರ್ಸಿ ನಿಂಗೆ ಹೇಳಿದ ಮಾತಾ?"

ನನಗೆ ಚೆನ್ನಾಗಿ ನೆನಪಿತ್ತು. ಮರ್ಸಿ ಇದೇ ಕಟ್ಟೆಗೆ ಮೊಣಕೈ ಊರಿ, "ನಾಲ್ಕು ವರ್ಷ ನನ್ನ ಸೆಟ್ ಮಾಡ್ದ, ಒಂದು ದಿನವೂ ತೊಟ್ಟಿ ದಾಟಿ ಬರಲಿಲ್ಲ, ಅಷ್ಟು ಪುಕ್ಕಲ," ಎಂದು ನಕ್ಕಿದ್ದಳು. ನಾನು ಅದನ್ನು ಜೊತೆಗೂಡಿ ತೆರಳುವಂತೆ ಮಾಡಿದ್ದೆ. ಶಾಲೆಯಲ್ಲಿ ಮಿಸ್ ಟಿಂಡಲ್ ಊರಿನ ಮಾತು ಬರೆದರೆ ಬೆರಳ ಗೆಣ್ಣಿಗೆ ಅಡಿಕೋಲಿನಿಂದ ಹೊಡೆಯುತ್ತಿದ್ದರು. ಡೋರ್ಕಸ್ಸಿಗೂ ಬಿದ್ದಿತ್ತು. ಆದರೆ ಪಾಠ ಕಲಿತವನು ನಾನು. ಪೆನ್ನು ಹಿಡಿದ ಕೂಡಲೇ ನಾವೆಲ್ಲ ದಕ್ಷಿಣದವರಾಗಿಬಿಡುತ್ತಿದ್ದೆವು.

"ಇಂಥವು ಮೂವತ್ತೊಂದು ಸಿಕ್ಕಿವೆ," ಎಂದಳು. "ಯಾರು ಹೇಳಿದ್ದು, ಏನು ಹೇಳಿರ್ತಾರೆ, ನಂಗೆ ಗೊತ್ತು. ಮೂವತ್ತೊಂದು ಸಲನೂ ನೀನು ಒರೆಸಿ ಹಾಕಿದೀಯ. ಕಠಾರಿ ಆ ಪಿಮ್ ಕೈಲಿರಲಿಲ್ಲ ಕಣೋ. ನಿನ್ನ ಕೈಲಿತ್ತು."

ಅವಳು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಮೆತ್ತಗೆ ಹೇಳಿ ಹೊರಟುಹೋದಳು. ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ಆ ಮೊದಲು ನನಗೆ ಆಗಿರಲಿಲ್ಲ. ಆಮೇಲೆ ಎರಡು ವಾರ ಅವಳು ಬಂದು ಅಂಚೆಚೀಟಿ ಕೇಳುವುದು, ನಾನು ಕೊಡುವುದು, ಅಷ್ಟೇ ನಡೆಯಿತು.

ಸೆಪ್ಟೆಂಬರ್ ಮೊದಲ ದಿನ, ಸೋಮವಾರ, ಮರ್ಸಿ ಲೆಡ್ಲಿ ತನ್ನ ಅಂಗಡಿಯಲ್ಲಿ ಉಣ್ಣೆ ಲಡಿ ಸುತ್ತುತ್ತಾ ಕೂತಲ್ಲೇ ತೀರಿಹೋದಳು. ಅಂತ್ಯಕ್ರಿಯೆ ಗುರುವಾರ. ಬೇಕೆಂದು ಇಟ್ಟ ದಿನವಲ್ಲ, ಪಾದ್ರಿಗೆ ಬಿಡುವಿದ್ದದ್ದೇ ಆಗ.

ನಮ್ಮ ಚಾಪೆಲ್ ಬಂದರಿನಲ್ಲಿದೆ, ಸ್ಮಶಾನ ಗುಡ್ಡದ ಮೇಲೆ. ಶವಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಆ ಬೀದಿ ಏರಬೇಕು. ಅರ್ಧಕ್ಕೆ, ತೊಟ್ಟಿಯ ಅಗಲವಾದ ಕಲ್ಲಂಚಿನ ಮೇಲೆ ಪೆಟ್ಟಿಗೆ ಇಳಿಸಿ ಹೆಗಲು ಬದಲಾಯಿಸುವುದು ರೂಢಿ. ಡೋರ್ಕಸ್ ಪೆಟ್ಟಿಗೆಯ ಪಕ್ಕದಲ್ಲೇ ನಡೆದು ಬಂದಳು, ಒಂದು ಕೈ ಮರದ ಮೇಲಿತ್ತು. ಹೊಸ ಹೆಗಲಿನವರು ಎತ್ತಲು ಬಗ್ಗಿದಾಗ ಅವಳು ಮುಂದೆ ಹೋಗಲಿಲ್ಲ.

"ಬಾರಮ್ಮ ಡೋರ್ಕಸ್," ಎಂದು ಪಾದ್ರಿ ಕರೆದರು.

"ನಾನು ಇಲ್ಲಿವರೆಗೇ ಬರೋದು," ಎಂದಳು. ಆಮೇಲೆ ಪೆಟ್ಟಿಗೆಯ ಕಡೆ ಬಗ್ಗಿ, "ಇನ್ನು ನೀನು ಹೋಗೇ, ಏರು ಸ್ವಲ್ಪಾನೇ ಇದೆ," ಎಂದು ಹೇಳಿ ಕೈ ತೆಗೆದಳು.

ಜನ ಮುಂದಕ್ಕೆ ಹೋದರು. ಅವಳು ತೊಟ್ಟಿಯ ಹತ್ತಿರ ನಿಂತೇ ಇದ್ದಳು, ಯಾರೋ ಹಿಂತಿರುಗಿ, ತಡಿ ನಿನ್ನ ವಾಪಸ್ ಸೆಟ್ ಮಾಡ್ತೀನಿ ಅನ್ನುವುದನ್ನು ಕಾಯುತ್ತಿರುವ ಹಾಗೆ. ನಾನು ಸ್ಮಶಾನಕ್ಕೆ ಹೋಗಿ, ಅಲ್ಲಿಗೆ ಬಂದವರ ಹೆಸರುಗಳನ್ನು ಪತ್ರಿಕೆಗಾಗಿ ಬರೆದುಕೊಳ್ಳಬೇಕಾಗಿತ್ತು. ಹೋಗಲಾಗಲಿಲ್ಲ. ಅವಳಿಂದ ನಾಲ್ಕು ಹೆಜ್ಜೆ ದೂರ ನಿಂತೆ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಅವಳು ನನ್ನನ್ನು ನೋಡಿದಳು, ಒಬ್ಬಳೇ ಕೆಳಗಿಳಿದು ಹೋದಳು.

ಅಂದು ಸಂಜೆ ಸುದ್ದಿ ಬರೆಯಲು ಕೂತೆ. ಕೈ ತನ್ನಷ್ಟಕ್ಕೆ ‘ಜೊತೆಗೂಡಿ’ ಎಂದು ಬರೆಯಿತು. ಹೊಡೆದುಹಾಕಿದೆ. ಇನ್ನೊಂದು ಪದ ಬರೆದೆ, ಅದನ್ನೂ ಹೊಡೆದೆ. ಕೊನೆಗೆ ನಡೆದದ್ದನ್ನು ನಡೆದ ಹಾಗೆ ಬರೆದೆ: "ಶ್ರೀಮತಿ ಮರ್ಸಿ ಲೆಡ್ಲಿಯವರನ್ನು ಅವರ ಗೆಳತಿ ಮಿಸ್ ಡೋರ್ಕಸ್ ಗಾರ್ಬಟ್ ಎಂದಿನಂತೆ ಕುದುರೆ ತೊಟ್ಟಿಯವರೆಗೆ ಸೆಟ್ ಮಾಡಿದರು." ಮರುದಿನ ಪತ್ರಿಕೆಯ ಅಚ್ಚುಮನೆಯವನು ಫೋನ್ ಮಾಡಿ, ಇದೇನೋ ತಪ್ಪಾಗಿದೆಯಲ್ಲ, ಸರಿಮಾಡಲೇ ಎಂದು ಕೇಳಿದ. ಒಂದಕ್ಷರ ಮುಟ್ಟಿದರೂ ಮುಂದಿನ ವಾರದಿಂದ ಸ್ಕಾರ್ವಿಕ್ ಸುದ್ದಿ ಇರುವುದಿಲ್ಲ ಎಂದೆ. ಅಷ್ಟು ಜೋರಾಗಿ ನಾನು ಯಾರ ಮೇಲೂ ರೇಗಿದವನಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಡೋರ್ಕಸ್ ಬಂದಳು. ಶನಿವಾರದ ಪತ್ರಿಕೆಯನ್ನು ಕಟ್ಟೆಯ ಮೇಲೆ ಹರಡಿದಳು. ಅಳುತ್ತಿದ್ದಳೋ ಎಂದು ನೋಡಿದೆ, ಇಲ್ಲ. ಪರೀಕ್ಷೆ ಮಾಡುವವರ ಮುಖ.

"ಸುಳ್ಳು ಹೇಳಬೇಡ. ಇದು ನಂಗೋಸ್ಕರ ಬರೆದೆಯಾ? ಚೀಟಿಗೆ ಬೇಕು ಅಂತ?"

ಹೌದು ಅಂದರೆ ಅವಳು ಪತ್ರಿಕೆ ಮಡಚಿಕೊಂಡು ಹೋಗುತ್ತಾಳೆ, ಕಠಾರಿ ಹಾಗೇ ಉಳಿಯುತ್ತದೆ ಎಂದು ಗೊತ್ತಿತ್ತು. ಇಲ್ಲ ಎಂದು ಥಟ್ಟನೆ ಹೇಳಲೂ ಆಗಲಿಲ್ಲ.

"ಮೊದಲು ಹಳೇ ಪದಾನೇ ಬಂತು ಕೈಗೆ," ಎಂದೆ. "ಆದ್ರೆ ಅದು ಸುಳ್ಳಾಗ್ತಿತ್ತು. ಪೆಟ್ಟಿಗೆ ಜೊತೆ ಹೋದೋರು ಅರವತ್ತು ಜನ. ನೀನು ಮಾಡಿದ್ದು ಬೇರೆ. ಅರ್ಧದವರೆಗೆ ಬಂದು, ಕೈ ತೆಗೆದು, ಅವಳನ್ನ ಮುಂದಕ್ಕೆ ಬಿಟ್ಟೆಯಲ್ಲ, ಅದಕ್ಕೆ ನಂಗೆ ಬೇರೆ ಪದ ಗೊತ್ತಿಲ್ಲ ಕಣೇ. ಹುಡುಕಿದೆ. ಸಿಗಲಿಲ್ಲ."

ಡೋರ್ಕಸ್ ಆ ಸಾಲನ್ನು ಇನ್ನೊಮ್ಮೆ ಬೆರಳಿಟ್ಟು ಓದಿದಳು. ಪಿಂಚಣಿಗೆ ಬಂದಿದ್ದ ಮುದುಕನೊಬ್ಬ ಕೆಮ್ಮಿದ, ನಾನು ಕೈಸನ್ನೆ ಮಾಡಿ ಅವನನ್ನು ಕೂರಿಸಿದೆ. ಆಮೇಲೆ ಅವಳು ಚೀಲದಿಂದ ಒಂದು ಖಾಲಿ ಚೀಟಿ ತೆಗೆದು, ನನ್ನ ಪೆನ್ನು ಇಸಿದುಕೊಂಡು, ಅಲ್ಲೇ ನಿಂತು ನಕಲು ಮಾಡಿದಳು. ಮೇಲೆ ಪದ. ಪತ್ರಿಕೆಯ ಹೆಸರು, ತಾರೀಖು, ಪುಟ, ಅಂಕಣ. ವಾಕ್ಯ, ಅಲ್ಪವಿರಾಮ ಸಮೇತ. ಮರ್ಸಿಯ ಹೆಸರು ಬರೆಯುವಾಗ ಮಾತ್ರ ಪೆನ್ನು ಸ್ವಲ್ಪ ನಿಂತಿತು. ಚೀಟಿಯ ತಳದಲ್ಲಿ ಓದುಗರ ಟಿಪ್ಪಣಿಗೆ ಒಂದು ಗೆರೆ ಜಾಗವಿರುತ್ತದೆ. ಅಲ್ಲಿ ಹೀಗೆ ಬರೆದಳು: "ಬರೆದವನು ನನಗೆ ಪರಿಚಿತ. ಈ ಮೊದಲು ತಪ್ಪಾಗಿ ಬರೆಯುತ್ತಿದ್ದ."

"ಅದನ್ನೂ ಹೇಳಬೇಕಾ?" ಎಂದೆ.

"ಹೇಳಬೇಕು. ಮುದ್ರೆ ಒತ್ತು."

ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಪಿಮ್ ಅವರ ಕಾರ್ಡ್ ಬಂತು. ಕಾರ್ಡನ್ನು ಓದಬಾರದು ಎನ್ನುವ ನಿಯಮವೂ ಇದೆ. "ಕಠಾರಿ ತೆಗೆದಿದ್ದೇನೆ. ನಿಮ್ಮ ಟಿಪ್ಪಣಿಯನ್ನೂ ಗಮನಿಸಿದೆ. ಈ ಚೀಟಿಯನ್ನು ಬೆಕ್ಕು ಮೂಸಿಯೂ ನೋಡಲಿಲ್ಲ. ಗೆಳತಿಯ ವಿಷಯ ತಿಳಿದು ದುಃಖವಾಯಿತು." ನಾನೇ ಅದನ್ನು ಹಿಡಿದು ಬಂದರಿಗೆ ಹೋಗಿ ಅವಳ ಕೈಗೆ ಕೊಟ್ಟೆ. ಅವಳು ಎರಡು ಸಲ ಓದಿ, ಚಹಾ ಮಾಡಿದಳು. ಶುಂಠಿ ಕೇಕು ಇರಲಿಲ್ಲ, ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಹೊರಟಾಗ ಶಾಲು ತೆಗೆದುಕೊಂಡಳು.

"ನಿನ್ನ ಮನೆ ತೊಟ್ಟಿ ಎದುರಿಗೇ ಅಲ್ವಾ? ಹಂಗಾದ್ರೆ ಅರ್ಧ ದಾರಿ ಅಂದ್ರೆ ಬೇಕರಿ."

ಬೇಕರಿಯವರೆಗೆ ಬಂದಳು. ಅಲ್ಲಿ ನಾನು ನಾಲ್ಕು ಹೆಜ್ಜೆ ದೂರ ನಿಲ್ಲಲಿಲ್ಲ. "ತಡಿ, ನಿನ್ನ ವಾಪಸ್ ಒಂಚೂರು ಸೆಟ್ ಮಾಡ್ತೀನಿ," ಎಂದೆ. ಅವಳು ಏರುಬೀದಿಯ ಕಡೆ ಒಮ್ಮೆ ನೋಡಿ, ಹೂಂ ಅಂದಳು.

ನಿಘಂಟಿನ ಆ ಸಂಪುಟ ವಾಚನಾಲಯಕ್ಕೆ ಬಂದದ್ದು ಎರಡು ವರ್ಷದ ಮೇಲೆ. ಊರಿನವರೆಲ್ಲ ಸರತಿಯಲ್ಲಿ ಹೋಗಿ ನೋಡಿಬಂದರು. ತನ್ನ ಬಲೆಯ ಅರ್ಥಕ್ಕೆ ಹತ್ತೊಂಬತ್ತನೆಯ ಜಾಗ ಸಿಕ್ಕಿದೆಯೆಂದು ದೋಣಿಯವನೊಬ್ಬ ಇವತ್ತಿಗೂ ಮುನಿಸಿಕೊಂಡಿದ್ದಾನೆ. ಡೋರ್ಕಸ್ ಮಾತ್ರ ಎಲ್ಲರೂ ನೋಡಿಯಾದ ಮೇಲೆ, ಒಂದು ಗುರುವಾರ, ನನ್ನನ್ನು ಕರೆದುಕೊಂಡು ಹೋದಳು. ಪುಟದ ಮೂರನೆಯ ಅಂಕಣದಲ್ಲಿ, ಕೊನೆಯ ಸಾಕ್ಷಿಯಾಗಿ, ತಾರೀಖಿನ ಸಮೇತ ಆ ವಾಕ್ಯವಿತ್ತು. ಅವಳು ಮರ್ಸಿಯ ಹೆಸರಿನ ಮೇಲೆ ಬೆರಳಿಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದು, ತೆಗೆದಳು. ಸಾಲು ಅಲ್ಲೇ ಇತ್ತು.